‘ಆದರೆ’ ಎಂಬ ಪುಟ್ಟ ಪದ

ನಮ್ಮ ಹೆಣ್ಣುಮಕ್ಕಳು ಹುಟ್ಟಿದಂದಿನಿಂದ ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ಪದ ಯಾವುದೆಂದು ಯಾರಾದರೂ ಲೆಕ್ಕ ಹಾಕಿದರೆ ‘ಆದರೆ’ ಎಂಬುದು ಖಂಡಿತ ಮೊದಲ ಸಾಲಿನಲ್ಲಿರುತ್ತದೆ. ಓದು, ಆದರೆ ಇಷ್ಟೇ ಸಾಕು. ಹೋಗು, ಆದರೆ ಬೇಗ ಬಾ. ಮಗು ಲಕ್ಷಣವಾಗಿದೆ, ಆದರೆ ಬಣ್ಣ ಸ್ವಲ್ಪ ಕಡಿಮೆ. ನಮ್ಮ ಮನೆಗಳಲ್ಲಿ ಇದೇ ಪದ ‘ಲೇಕಿನ್’ ಎಂದೋ ‘ಮಗರ್’ ಎಂದೋ ಬರುತ್ತದೆ. ವಾಕ್ಯದ ಮೊದಲ ಅರ್ಧದಲ್ಲಿ ಕೈತುಂಬ ಕೊಟ್ಟದ್ದನ್ನು ಎರಡನೆಯ ಅರ್ಧದಲ್ಲಿ ಕಿತ್ತುಕೊಳ್ಳುವ ಪದವೆಂದೇ ನಾವೆಲ್ಲ ಇದನ್ನು ಬಲ್ಲೆವು.

ನಮ್ಮ ಶ್ರೀನಿವಾಸಪುರದಲ್ಲಿ ಈ ಪದಕ್ಕೆ ಮೂರು ಭಾಷೆಗಳಲ್ಲಿ ಓಡಾಟವಿದೆ. ಮನೆಯಲ್ಲಿ ನಾವು ದಖನಿ ಉರ್ದು ಆಡುತ್ತೇವೆ. ಶಾಲೆ, ಕಚೇರಿಗಳಲ್ಲಿ ಕನ್ನಡ. ಆಂಧ್ರದ ಗಡಿ ಹತ್ತಿರವಿರುವುದರಿಂದ ಸಂತೆಯಲ್ಲಿ, ಮಾವಿನ ತೋಟಗಳಲ್ಲಿ, ಅಕ್ಕಪಕ್ಕದ ಹಳ್ಳಿಗಳಲ್ಲಿ ತೆಲುಗು. ಮದರಸದಲ್ಲಿ ಅರಬಿ ವ್ಯಾಕರಣ ಕಲಿತು, ಆಮೇಲೆ ಬಿ.ಎ. ಮುಗಿಸಿ, ಈಗ ಮಕ್ಕಳಿಗೆ ಪಾಠ ಹೇಳುವ ನನಗೆ ಈ ಪುಟ್ಟ ಪದದ ಬಗ್ಗೆ ಮೊದಲಿನಿಂದಲೂ ಕುತೂಹಲ. ಅದನ್ನು ಮತ್ತೆ ಕೆದಕಿದವಳು ನನ್ನ ಅಕ್ಕನ ಮಗಳು. ಅವಳು ಬೆಂಗಳೂರಿನ ಕಂಪನಿಯೊಂದರಲ್ಲಿ ಬ್ರೆಜಿಲ್ ದೇಶದ ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುವ ಕೆಲಸದಲ್ಲಿದ್ದಾಳೆ. ಬ್ರೆಜಿಲ್‌ನ 20 ಕೋಟಿಗೂ ಹೆಚ್ಚು ಜನರ ಮಾತು ಪೋರ್ಚುಗೀಸ್. ಹಾಗಾಗಿ ಅವಳೂ ಪೋರ್ಚುಗೀಸ್ ಕಲಿಯಬೇಕಾಯಿತು. ರಜೆಯಲ್ಲಿ ಊರಿಗೆ ಬಂದರೆ ಅವಳ ನೋಟ್‌ಬುಕ್ಕು ನನ್ನ ಕೈಗೆ ಬರುತ್ತದೆ. ಅದರಲ್ಲಿ ಒಂದು ಪುಟದ ತುಂಬ ‘ಮಸ್’ ಎಂಬ ಪದವಿತ್ತು. ‘ಮಸ್’ ಎಂದರೆ ‘ಆದರೆ’. ಅದರ ಪಕ್ಕದಲ್ಲೇ ‘ಮಾಯ್ಸ್’ ಎಂದು ಬರೆದು ‘ಹೆಚ್ಚು’ ಎಂದು ಅರ್ಥ ಕೊಟ್ಟಿದ್ದಳು. “ಖಾಲಾ, ಇವೆರಡನ್ನೂ ಅಲ್ಲಿನ ಜನ ಒಂದೇ ತರಹ ಉಚ್ಚರಿಸುತ್ತಾರೆ. ಬರೆಯುವಾಗ ಅಲ್ಲಿನ ಶಾಲೆಯ ಮಕ್ಕಳೇ ತಪ್ಪುತ್ತಾರಂತೆ, ನಾನು ತಪ್ಪದೆ ಇರಲು ಹೇಗೆ ಸಾಧ್ಯ?” ಎಂದು ನಕ್ಕಳು.

ಈ ಎರಡು ಪದಗಳು ಒಂದೇ ತರಹ ಕೇಳಿಸುವುದು ಆಕಸ್ಮಿಕವಲ್ಲ. ಎರಡೂ ಒಂದೇ ತಾಯಿಯ ಮಕ್ಕಳು. ಲ್ಯಾಟಿನ್ ಭಾಷೆಯಲ್ಲಿ ‘ಮಾಗಿಸ್’ ಎಂಬ ಪದವಿತ್ತು. ಅದರ ಅರ್ಥ ‘ಹೆಚ್ಚು’, ‘ಹೆಚ್ಚಾಗಿ’. ‘ಆದರೆ’ ಎನ್ನಲು ಲ್ಯಾಟಿನ್‌ನಲ್ಲಿ ‘ಸೆದ್’ ಎಂಬ ಬೇರೆಯೇ ಪದ ಬಳಕೆಯಲ್ಲಿತ್ತು. ಕಾಲಕ್ರಮದಲ್ಲಿ ಜನರ ಆಡುಮಾತಿನಲ್ಲಿ ‘ಸೆದ್’ ಮರೆಯಾಗಿ ಆ ಜಾಗಕ್ಕೆ ‘ಮಾಗಿಸ್’ ಬಂದು ಕೂತಿತು. ಫ್ರೆಂಚರ ‘ಮೆ’, ಇಟಲಿಯವರ ‘ಮಾ’, ಪೋರ್ಚುಗೀಸರ ‘ಮಸ್’ ಎಲ್ಲವೂ ಅದರಿಂದಲೇ ಹುಟ್ಟಿದವು. ಸ್ಪೇನಿನವರಲ್ಲೂ ಈ ‘ಮಸ್’ ಇದೆ, ಈಗ ಅವರು ಹೆಚ್ಚಾಗಿ ‘ಪೆರೋ’ ಎನ್ನುತ್ತಾರೆ.

‘ಹೆಚ್ಚು’ ಎಂಬ ಪದ ‘ಆದರೆ’ ಆದದ್ದು ಹೇಗೆ? ನಮ್ಮ ಮಾತಿನಲ್ಲೇ ಒಂದು ಉದಾಹರಣೆ ನೋಡೋಣ. “ಅವಳು ಸೋಮಾರಿಯಲ್ಲ, ಹೆಚ್ಚಾಗಿ ದಣಿದಿದ್ದಾಳೆ” ಎನ್ನುತ್ತೇವೆ. ಇಲ್ಲಿ ‘ಹೆಚ್ಚಾಗಿ’ ಎಂಬುದು ಒಂದು ಮಾತನ್ನು ಪಕ್ಕಕ್ಕಿಟ್ಟು ಇನ್ನೊಂದು ಮಾತನ್ನು ಮುಂದಕ್ಕೆ ತರುತ್ತದೆ. ಅದು ಅಲ್ಲ, ಅದಕ್ಕಿಂತ ಹೆಚ್ಚು ನಿಜವಾದದ್ದು ಇದು ಎಂಬ ಭಾವ. ಇಂತಹ ವಾಕ್ಯಗಳಲ್ಲಿ ದುಡಿದು ದುಡಿದು ‘ಮಾಗಿಸ್’ ತನ್ನ ಹಳೆಯ ಅರ್ಥವನ್ನು ‘ಮಾಯ್ಸ್’ಗೆ ಬಿಟ್ಟುಕೊಟ್ಟು ‘ಮಸ್’ ಆಯಿತು. ನಮ್ಮ ಉರ್ದುವಿನ ‘ಬಲ್ಕಿ’ ಕೂಡ ಇದೇ ಕೆಲಸ ಮಾಡುತ್ತದೆ. ಅರಬಿಯ ‘ಬಲ್’ ಮತ್ತು ಫಾರಸಿಯ ‘ಕಿ’ ಸೇರಿ ಆದ ಪದ ಅದು.

‘ಮಾಗಿಸ್’ನ ಸಂತಾನ ನಮ್ಮ ಊರಿನಲ್ಲೂ ಇದೆ ಎಂದರೆ ನಂಬುವಿರಾ? ‘ಮಾಗಿಸ್’ನಿಂದ ಲ್ಯಾಟಿನ್‌ನಲ್ಲಿ ‘ಮಾಗಿಸ್ತೆರ್’ ಎಂಬ ಪದವಾಯಿತು. ಇತರರಿಗಿಂತ ಹೆಚ್ಚಿನವನು, ಅಂದರೆ ಯಜಮಾನ, ಗುರು. ಅದು ಪೋರ್ಚುಗೀಸಿನಲ್ಲಿ ‘ಮೆಸ್ತ್ರೆ’ ಆಯಿತು. ಆ ‘ಮೆಸ್ತ್ರೆ’ ನಮ್ಮ ಕರಾವಳಿಗೆ ಬಂದು, ಗಾರೆ ಕೆಲಸದ ‘ಮೇಸ್ತ್ರಿ’ಯಾಗಿ ಊರೂರಿಗೂ ಹಬ್ಬಿತು. ಅದೇ ಲ್ಯಾಟಿನ್ ಪದ ಇಂಗ್ಲಿಷಿನಲ್ಲಿ ‘ಮಾಸ್ಟರ್’ ಆಗಿ, ನಮ್ಮಲ್ಲಿ ‘ಮೇಷ್ಟ್ರು’ ಆಯಿತು. ಗೋಡೆ ಕಟ್ಟುವ ಮೇಸ್ತ್ರಿ, ಪಾಠ ಹೇಳುವ ಮೇಷ್ಟ್ರು, ಪೋರ್ಚುಗೀಸರ ‘ಆದರೆ’ ಮೂವರೂ ಬಂಧುಗಳು! ಇದಕ್ಕೆ ಎದುರಾಗಿ ‘ಮೀನುಸ್’ ಎಂದರೆ ‘ಕಡಿಮೆ’. ಅದರಿಂದ ‘ಮಿನಿಸ್ತೆರ್’, ಅಂದರೆ ಸೇವಕ. ಇಂದಿನ ‘ಮಿನಿಸ್ಟರ್’ ಎಂಬ ಪದದ ಮೂಲ ಇದೇ. ಮೇಷ್ಟ್ರು ಹೆಚ್ಚಿನವರು, ಮಿನಿಸ್ಟರು ಕಡಿಮೆಯವರು ಎಂದು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಪೋರ್ಚುಗೀಸರು 1498ರಲ್ಲಿ ಕೇರಳದ ತೀರಕ್ಕೆ ಬಂದರು. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಕಸಿದುಕೊಂಡರು. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಿಡಿದು ಕೂತರು. ಅವರೊಂದಿಗೆ ಬಂದ ಪದಗಳು ಇಂದಿಗೂ ನಮ್ಮ ಮನೆಯೊಳಗಿವೆ. ಬಟ್ಟೆ ಇಡುವ ಅಲಮಾರು, ಅದರ ಚಾವಿ, ನೀರಿನ ಬಾಲ್ದಿ, ಬಟ್ಟೆಗೆ ಇಸ್ತ್ರಿ, ತಿನ್ನಲು ಅನಾನಸ್ ಎಲ್ಲವೂ ಅವರ ಕಡೆಯಿಂದ ಬಂದವು. ನಮ್ಮಿಂದ ಅವರೂ ಒಯ್ದರು. ತಮಿಳು ಮಲಯಾಳಂಗಳ ಮಾಂಗಾಯಿ, ಮಾಙ್ಙ ಎಂಬುದೇ ಅವರ ಬಾಯಲ್ಲಿ ‘ಮಾಂಗಾ’ ಆಗಿ, ಆಮೇಲೆ ಇಂಗ್ಲಿಷರ ‘ಮ್ಯಾಂಗೋ’ ಆಯಿತು. ನಮ್ಮ ತೋಟಗಳಲ್ಲಿ ನಾವು ಬಾದಾಮಿ ಎಂದು ಕರೆಯುವ ಹಣ್ಣನ್ನು ಹೊರಗಿನವರು ಆಲ್ಫಾನ್ಸೋ ಎನ್ನುತ್ತಾರೆ. ಗೋವಾ ಗೆದ್ದ ಅಫೋನ್ಸೋ ಅಲ್ಬುಕರ್ಕ್‌ನ ಹೆಸರದು ಎಂಬ ಮಾತಿದೆ.

ಹಾಗಿದ್ದರೂ ಅವರ ‘ಮಸ್’ ನಮ್ಮ ಭಾಷೆಗೆ ಬರಲಿಲ್ಲ. ವಸ್ತುವಿನ ಜೊತೆ ವಸ್ತುವಿನ ಹೆಸರು ಹಡಗಿನಲ್ಲಿ ಬರುತ್ತದೆ. ‘ಆದರೆ’, ‘ಅಥವಾ’, ‘ಅಂದರೆ’ಗಳು ಹಾಗೆ ಬರುವುದಿಲ್ಲ. ಅವು ಬರಬೇಕಾದರೆ ಎರಡು ಭಾಷೆಯ ಜನ ಬಹುಕಾಲ ಒಟ್ಟಿಗಿದ್ದು ಕೊಡುಕೊಳ್ಳುವಿಕೆ ನಡೆಯಬೇಕು. ಕನ್ನಡದ ‘ಅಥವಾ’ ಹೀಗೆ ಸಂಸ್ಕೃತದಿಂದ ಬಂದದ್ದು. ದಸ್ತಾವೇಜುಗಳಲ್ಲಿ ಒಬ್ಬನಿಗೆ ಎರಡು ಹೆಸರಿದ್ದರೆ ನಡುವೆ ಬರೆಯುವ ‘ಯಾನೆ’ ಅರಬಿಯ ‘ಯಅನೀ’, ಅಂದರೆ ‘ಅರ್ಥಾತ್’. ಪಹಣಿಯಲ್ಲಿ ನಾರಾಯಣಪ್ಪ ಬಿನ್ ದೊಡ್ಡಪ್ಪ ಎಂದು ಬರೆಯುತ್ತಾರಲ್ಲ, ಆ ‘ಬಿನ್’ ಕೂಡ ಅರಬಿಯದೇ. ನಮ್ಮ ತಾಲೂಕಿನ ಯಾವ ರೈತನಿಗೂ ಅದು ಹೊರಗಿನ ಪದ ಎನಿಸುವುದಿಲ್ಲ.

ಪೋರ್ಚುಗೀಸ್ ಭಾಷೆಗೂ ಅರಬಿಗೂ ಹೀಗೆಯೇ ಒಟ್ಟಿಗಿದ್ದ ಇತಿಹಾಸವಿದೆ. ಕ್ರಿ.ಶ. 711ರಲ್ಲಿ ಮುಸ್ಲಿಮರು ಸ್ಪೇನಿಗೆ ಕಾಲಿಟ್ಟರು. ಈಗಿನ ಪೋರ್ಚುಗಲ್‌ನ ದಕ್ಷಿಣ ಭಾಗ 1249ರವರೆಗೂ ಅವರ ಆಳ್ವಿಕೆಯಲ್ಲಿತ್ತು. ಆ ಪ್ರಾಂತದ ಹೆಸರು ಇಂದಿಗೂ ‘ಅಲ್ಗಾರ್ವ್’, ಅಂದರೆ ‘ಅಲ್-ಗರ್ಬ್’, ಪಶ್ಚಿಮ ಸೀಮೆ. ಅವರ ಸಕ್ಕರೆ, ಅಕ್ಕಿ, ಹತ್ತಿ, ಎಣ್ಣೆ, ತಲೆದಿಂಬುಗಳ ಹೆಸರುಗಳಲ್ಲಿ ಅರಬಿ ಇದೆ. ‘ಹಾಗಾಗಲಿ’ ಎಂದು ಹಾರೈಸುವಾಗ ಪೋರ್ಚುಗೀಸರು ‘ಒಶಲಾ’ ಎನ್ನುತ್ತಾರೆ. ಅಲ್ಲಾಹನು ಇಚ್ಛಿಸಿದರೆ ಎಂಬ ಅರಬಿ ಮಾತೇ ಅದು. ಹೇಳುವವರಲ್ಲಿ ಎಷ್ಟೋ ಮಂದಿಗೆ ಅದು ತಿಳಿದಿರಲಾರದು.

ನಮ್ಮ ಮಾವಿನ ಮಂಡಿಗೆ ಬನ್ನಿ. ಹಣ್ಣಿನ ರಾಶಿಯ ಮುಂದೆ ನಿಂತು ಬೆಲೆ ಕೂಗುವುದನ್ನು ಕನ್ನಡದಲ್ಲಿ ಹರಾಜು ಎನ್ನುತ್ತೇವೆ. ಇದು ಅರಬಿಯ ‘ಹರಾಜ್’. ತೆಲುಗಿನವರು ಅದನ್ನೇ ‘ವೇಲಂ’ ಎನ್ನುತ್ತಾರೆ, ಉರ್ದುವಿನಲ್ಲಿ ‘ನೀಲಾಮ್’. ಇವೆರಡೂ ಪೋರ್ಚುಗೀಸರ ‘ಲೆಯ್ಲಾಂವ್’ ಎಂಬ ಪದದಿಂದ ಬಂದವು. ಆ ‘ಲೆಯ್ಲಾಂವ್’ ಅರಬಿಯ ‘ಅಲ್-ಇಅಲಾಮ್’, ಅಂದರೆ ‘ಸಾರಿ ಹೇಳುವುದು’. ಒಂದೇ ರಾಶಿ ಬಾದಾಮಿಯ ಸುತ್ತ ಮೂರು ಭಾಷೆಯವರು ನಿಂತು ಮೂರು ಪದ ಆಡುತ್ತಾರೆ. ಮೂರರ ಬೇರೂ ಅರಬ್ ನಾಡಿನಲ್ಲಿ. ಯಾವ ಪದ ಯಾರದು ಎಂದು ಜಗಳವಾಡುವವರನ್ನು ಒಂದು ದಿನ ನಮ್ಮ ಮಂಡಿಯಲ್ಲಿ ನಿಲ್ಲಿಸಬೇಕು.

ಮತ್ತೆ ‘ಆದರೆ’ಗೆ ಬರೋಣ. ಬೇರೆ ಬೇರೆ ಭಾಷೆಯವರು ಈ ಪದವನ್ನು ಯಾವ ಸಾಮಗ್ರಿಯಿಂದ ಕಟ್ಟಿಕೊಂಡಿದ್ದಾರೆ ಎಂದು ನೋಡಿದರೆ ಸೋಜಿಗವಾಗುತ್ತದೆ. ಕನ್ನಡದ ‘ಆದರೆ’ ಮೂಲದಲ್ಲಿ ‘ಆಗು’ ಎಂಬ ಕ್ರಿಯಾಪದ. “ಮಳೆಯಾದರೆ ಬೆಳೆ” ಎನ್ನುವಾಗ ಅದರ ಹಳೆಯ ಅರ್ಥ ಇಂದಿಗೂ ಜೀವಂತವಾಗಿದೆ. ವರ್ಷವಿಡೀ ಹರಿಯುವ ನದಿಯೊಂದಿಲ್ಲದ ಕೋಲಾರ ಜಿಲ್ಲೆಯ ನಮಗೆ ಆ ‘ಆದರೆ’ಯಲ್ಲಿ ಎಷ್ಟು ಆತಂಕ, ಎಷ್ಟು ಆಸೆ ಇದೆಯೆಂದು ಬೇರೆಯವರು ಹೇಳಬೇಕಿಲ್ಲ. ತೆಲುಗಿನ ‘ಅಯಿತೇ’ ಕೂಡ ಹೀಗೆಯೇ ‘ಆದರೆ’ ಎಂಬ ಕ್ರಿಯಾಪದ. ಅವರ ಇನ್ನೊಂದು ಪದ ‘ಕಾನಿ’, ಅದು ‘ಅಲ್ಲ’ ಎಂಬ ನಿಷೇಧದಿಂದ ಬಂದದ್ದು. ಫಾರಸಿಯ ‘ಮಗರ್’ನಲ್ಲಿ ‘ಅಲ್ಲ’ ಮತ್ತು ‘ಒಂದು ವೇಳೆ’ ಎರಡೂ ಸೇರಿವೆ. ಪೋರ್ಚುಗೀಸರಲ್ಲಿ ‘ಆದರೂ’ ಎನ್ನಲು ‘ಎಂಬೋರಾ’ ಎಂಬ ಪದವಿದೆ. ಅದು ‘ಎಂ ಬೋಆ ಓರಾ’, ಅಂದರೆ ‘ಶುಭ ಗಳಿಗೆಯಲ್ಲಿ’ ಎಂಬ ಹಾರೈಕೆ ಸವೆದು ಆದದ್ದು. ನಾವು ಒಂದು ಮಾತನ್ನು ಒಪ್ಪಿಕೊಂಡು ಮುಂದೆ ಸಾಗಲು ‘ಖೈರ್’ ಎನ್ನುವುದಿಲ್ಲವೇ? ಒಳಿತು ಎಂಬ ಅರ್ಥದ ಪದವೇ ಅದು. ‘ಇಲ್ಲ’, ‘ಒಂದು ವೇಳೆ’, ‘ಹೆಚ್ಚು’, ‘ಒಳಿತಾಗಲಿ’ ಇವುಗಳಿಂದಲೇ ಜನ ‘ಆದರೆ’ಗಳನ್ನು ಕಟ್ಟಿದ್ದಾರೆ. ಕಿತ್ತುಕೊಳ್ಳು ಎಂಬ ಅರ್ಥದಿಂದ ಕಟ್ಟಿದ ‘ಆದರೆ’ ನಾನು ಇಲ್ಲಿ ಹೇಳಿದ ಯಾವ ಭಾಷೆಯಲ್ಲೂ ಕಾಣಲಿಲ್ಲ.

ಇನ್ನು ‘ಲೇಕಿನ್’. ಇದು ಅರಬಿಯ ‘ಲಾಕಿನ್’. ಇದರ ಬಗ್ಗೆ ಹಿಂದಿನ ವ್ಯಾಕರಣ ಪಂಡಿತರಲ್ಲಿ ಚರ್ಚೆ ನಡೆದಿದೆ. ಬಸರಾದವರು ಇದು ಒಂದೇ ಇಡಿಯಾದ ಪದ ಎಂದರೆ, ಕೂಫಾದವರು ಹಲವು ತುಂಡುಗಳು ಸೇರಿ ಆದದ್ದು ಎಂದರು. ಮದರಸದಲ್ಲಿ ನಹ್ವ್ ಕಲಿಯುವ ಪ್ರತಿ ಹುಡುಗಿಗೂ ‘ಇನ್ನ ಮತ್ತು ಅದರ ಸೋದರಿಯರು’ ಎಂಬ ಪಾಠ ಗೊತ್ತು. ಇನ್ನ, ಅನ್ನ, ಕಅನ್ನ, ಲಾಕಿನ್ನ, ಲೈತ, ಲಅಲ್ಲ ಎಂಬ ಆರು ಮಂದಿ. ಒಬ್ಬಳು ಖಚಿತಪಡಿಸುತ್ತಾಳೆ, ಒಬ್ಬಳು ಹೋಲಿಸುತ್ತಾಳೆ, ಒಬ್ಬಳು ಹಂಬಲಿಸುತ್ತಾಳೆ, ಒಬ್ಬಳು ನಿರೀಕ್ಷಿಸುತ್ತಾಳೆ. ಲಾಕಿನ್ನಳ ಕೆಲಸಕ್ಕೆ ಪಂಡಿತರು ಇಟ್ಟ ಹೆಸರು ‘ಇಸ್ತಿದ್‌ರಾಕ್’. ಅಂದರೆ, ಮೊದಲು ಆಡಿದ ಮಾತಿನಿಂದ ಕೇಳುವವರ ಮನಸ್ಸಿನಲ್ಲಿ ತಪ್ಪು ಕಲ್ಪನೆ ಹುಟ್ಟಬಹುದಾದರೆ ಅದನ್ನು ಅಲ್ಲಿಯೇ ತಡೆದು ಸರಿಪಡಿಸುವುದು. ಪಾಠದ ಉದಾಹರಣೆ ಹೀಗಿರುತ್ತದೆ: ಪುಸ್ತಕ ಚಿಕ್ಕದು, ಆದರೆ ಉಪಯುಕ್ತ. ಚಿಕ್ಕದು ಎಂದೊಡನೆ ಕೇಳುವವನು ‘ಹಾಗಾದರೆ ಇದರಲ್ಲಿ ಏನೂ ಇರಲಿಕ್ಕಿಲ್ಲ’ ಎಂದುಕೊಂಡಾನು. ಆ ತಪ್ಪು ಕಲ್ಪನೆಯಿಂದ ಪುಸ್ತಕವನ್ನು ಕಾಪಾಡಲು ಲಾಕಿನ್ನ ಓಡಿ ಬರುತ್ತಾಳೆ. ಅದೇ ಪುಸ್ತಕ ದೊಡ್ಡದೆಂದು ಹೇಳಿ, ಆಮೇಲೆ ನಿಷ್ಪ್ರಯೋಜಕ ಎನ್ನಲೂ ಅವಳನ್ನು ಬಳಸಬಹುದು, ವ್ಯಾಕರಣ ಅದನ್ನು ತಡೆಯುವುದಿಲ್ಲ. ಎರಡರಲ್ಲಿ ಯಾವುದಕ್ಕೆ ಅವಳನ್ನು ಕರೆಯುತ್ತೇವೆ ಎಂಬುದು ನಮ್ಮ ಮನಸ್ಸಿಗೆ ಬಿಟ್ಟದ್ದು.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಪೋರ್ಚುಗೀಸ್ ಕಲಿಯುತ್ತಿರುವ ಆ ಹುಡುಗಿಗೆ ಕಳೆದ ವರ್ಷ ಒಂದು ಸಂಬಂಧ ಬಂದಿತ್ತು. ಮನೆಯವರು ಬಂದರು, ಊಟ ಮಾಡಿದರು, ಹೊಗಳಿ ಹೋದರು. ನಾಲ್ಕು ದಿನದ ನಂತರ ನಡುವಿನವರ ಮೂಲಕ ಮಾತು ಬಂತು: “ಹುಡುಗಿ ಒಳ್ಳೆಯವಳು, ದೀನದಾರಳು, ಓದಿದವಳು, ಲೇಕಿನ್ ವಯಸ್ಸು 27. ಅದೂ ಬೆಂಗಳೂರಿನಲ್ಲಿದ್ದು ನೌಕರಿ.” ಅಷ್ಟೇ. ನನ್ನ ಅಕ್ಕ ಒಂದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ. ಬಂದವರೆಲ್ಲರ ಮುಂದೆ ಅವಳು ಹೇಳುತ್ತಿದ್ದದ್ದು ಲೇಕಿನ್‌ನ ನಂತರದ ಎರಡು ಮಾತುಗಳನ್ನು ಮಾತ್ರ. ಅದರ ಹಿಂದಿದ್ದ ಒಳ್ಳೆಯವಳು, ದೀನದಾರಳು, ಓದಿದವಳು ಎಂಬ ಮೂರು ಮಾತುಗಳು ಅವಳ ನೆನಪಿನಿಂದಲೇ ಅಳಿಸಿಹೋಗಿದ್ದವು. ‘ಆದರೆ’ಯ ಶಕ್ತಿ ಇರುವುದೇ ಇಲ್ಲಿ. ಅದರ ಹಿಂದೆ ಬಂದದ್ದು ಕರಗುತ್ತದೆ, ಮುಂದೆ ಬಂದದ್ದು ಉಳಿಯುತ್ತದೆ.

ಹುಡುಗಿಯೇ ತಾಯಿಯನ್ನು ಸಮಾಧಾನ ಮಾಡಲು ನೋಡಿದಳು. “ಅಮ್ಮೀ, ಲ್ಯಾಟಿನ್ ಲೆಕ್ಕದಲ್ಲಿ ಲೇಕಿನ್ ಎಂದರೆ ಹೆಚ್ಚು. ಅವರ ಮಾತನ್ನು ಹಾಗೆ ಓದಿ ನೋಡು. ಒಳ್ಳೆಯವಳು, ಓದಿದವಳು, ಇನ್ನೂ ಹೆಚ್ಚೆಂದರೆ ಬೆಂಗಳೂರಿನಲ್ಲಿ ನೌಕರಿ!” ಎಂದಳು. ಅಕ್ಕ ನಗಲಿಲ್ಲ. “ಲ್ಯಾಟಿನ್‌ನಿಂದ ಮದುವೆ ಆಗುವುದಿಲ್ಲ” ಎಂದು ಎದ್ದು ಒಳಗೆ ಹೋದಳು. ಅಕ್ಕನ ಮಾತೂ ಸುಳ್ಳಲ್ಲ. ಪದದ ಮೂಲ ತಿಳಿದ ಮಾತ್ರಕ್ಕೆ ಲೋಕದ ನಾಲಿಗೆ ಬದಲಾಗುವುದಿಲ್ಲ. ಹೆಣ್ಣು ಹೆತ್ತವರ ನಿದ್ದೆಗೆಡುವ ರಾತ್ರಿಗಳಿಗೆ ನಿಘಂಟಿನಲ್ಲಿ ಮದ್ದಿಲ್ಲ.

ಆದರೂ ನಾನು ಅಕ್ಕನಿಗೆ ಇಸ್ತಿದ್‌ರಾಕ್‌ನ ಪಾಠ ಹೇಳಿದೆ. ಅವಳು ಮದರಸಕ್ಕೆ ಹೋದವಳಲ್ಲ, ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೆ ಮಾತಿನ ಮರ್ಮ ನನಗಿಂತ ಚೆನ್ನಾಗಿ ಬಲ್ಲವಳು. ಮಗಳ ಬಗ್ಗೆ ಜನ ಏನು ತಪ್ಪು ತಿಳಿಯಬಹುದೋ ಅದನ್ನು ನೀನೇ ಮೊದಲು ಹೇಳು, ಆಮೇಲೆ ಲೇಕಿನ್ ಎಂದು ಸೇರಿಸಿ ನಿಜವನ್ನು ಹೇಳು, ಕೇಳಿದವರ ಮನಸ್ಸಿನಲ್ಲಿ ಕೊನೆಗೆ ಉಳಿಯುವುದು ಅದೇ ಎಂದೆ. ಕೆಲವು ತಿಂಗಳ ನಂತರ ಬೇರೊಂದು ಮನೆಯ ಹಿರಿಯ ಹೆಂಗಸು ಬಂದು ಹುಡುಗಿಯ ನೌಕರಿಯ ಮಾತೆತ್ತಿದಾಗ ಅಕ್ಕ ಹೇಳಿದ್ದನ್ನು ನನ್ನ ಕಿವಿಯಿಂದಲೇ ಕೇಳಿದೆ. “ಹೌದಮ್ಮ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಲೇಕಿನ್ ಇವರ ಅಪ್ಪ ಗುತ್ತಿಗೆ ಹಿಡಿದ ತೋಟದಲ್ಲಿ ಎರಡು ವರ್ಷ ಹೂವೆಲ್ಲ ಉದುರಿ ಕೈಯಲ್ಲಿ ಕಾಸಿಲ್ಲದಾಗ ಈ ಮನೆಯ ಒಲೆ ಉರಿದದ್ದು ಅವಳ ಸಂಬಳದಿಂದ.” ಬಂದಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾ, ಮಾಶಾ ಅಲ್ಲಾಹ್” ಎಂದರು. ಆ ಸಂಬಂಧ ಕೂಡಿಬರುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಅಂದು ನನ್ನ ಅಕ್ಕ ಮಗಳ ವಿಷಯದಲ್ಲಿ ತಲೆ ತಗ್ಗಿಸದೆ ಮಾತಾಡಿದಳು. ನನಗೆ ಸಂತೋಷವಾದದ್ದು ಅದಕ್ಕೆ.

ಓದುಗ ಸಹೋದರಿಯರೇ, ಶಿಕ್ಷಕಿಯಾಗಿ ನನಗೆ ಪ್ರತಿ ವರ್ಷ ಮಕ್ಕಳ ಪ್ರಗತಿ ಪತ್ರ ತುಂಬುವ ಕೆಲಸವಿರುತ್ತದೆ. “ಜಾಣೆ, ಆದರೆ ಗಣಿತದಲ್ಲಿ ಹಿಂದೆ” ಎಂದು ಬರೆಯಬಹುದು. “ಗಣಿತದಲ್ಲಿ ಹಿಂದೆ, ಆದರೆ ಜಾಣೆ” ಎಂದೂ ಬರೆಯಬಹುದು. ಎರಡರಲ್ಲೂ ಸುಳ್ಳಿಲ್ಲ, ಪದಗಳೂ ಅವೇ. ಮೊದಲನೆಯದನ್ನು ಓದಿದ ತಾಯಿ ಮಗಳಿಗೆ ಗದರುತ್ತಾಳೆ, ಎರಡನೆಯದನ್ನು ಓದಿದ ತಾಯಿ ಗಣಿತಕ್ಕೆ ಟ್ಯೂಷನ್ ಎಲ್ಲಿದೆ ಎಂದು ನನ್ನನ್ನು ಕೇಳಲು ಬರುತ್ತಾಳೆ. ನಾನು ಎರಡನೆಯ ರೀತಿಯಲ್ಲೇ ಬರೆಯುತ್ತೇನೆ. ಸೊಸೆಯ ಬಗ್ಗೆ ನೆರೆಯವರ ಹತ್ತಿರ ಹೇಳುವಾಗ, ಅತ್ತೆಯ ಬಗ್ಗೆ ತವರಿನಲ್ಲಿ ಹೇಳುವಾಗ, ಯಾರದೋ ಮನೆಯ ಹುಡುಗಿಯನ್ನು ನೋಡಿ ಬಂದು ಮಾತು ಕಳಿಸುವಾಗ ನಮ್ಮ ಬಾಯಲ್ಲೂ ಈ ಪದ ಬರುತ್ತದೆ. ಕೊರತೆಯನ್ನು ಅದರ ಹಿಂದಿಟ್ಟು ಒಳ್ಳೆಯದನ್ನು ಮುಂದಿಟ್ಟರೆ ನಮಗೇನೂ ಖರ್ಚಿಲ್ಲ.

ಅಕ್ಕನ ಮಗಳು ಈ ಸಲ ಬಂದಾಗ ‘ಮಸ್’, ‘ಮಾಯ್ಸ್’ ಬರೆಯುವಾಗ ಈಗ ತಪ್ಪುವುದಿಲ್ಲ ಎಂದಳು. ಮುಂದಿನ ಹಂತದ ಪರೀಕ್ಷೆಗೆ ಹಣ ಕಟ್ಟಿದ್ದಾಳೆ. ಅವಳ ಅಪ್ಪ ಆ ರಸೀದಿಯನ್ನು ಅಲಮಾರಿನೊಳಗೆ ತೋಟದ ಗುತ್ತಿಗೆಯ ಪತ್ರಗಳ ಜೊತೆಗೇ ಇಟ್ಟು ಬೀಗ ಹಾಕಿದ್ದಾರೆ.